ಮೂಗಿನ ಭಾರ, ಬಾಲದ ಬಣ್ಣ

ಒಗೆಯಲು ಹಾಕುವ ಮುನ್ನ ನನ್ನ ಅಂಗಿಯ ಜೇಬುಗಳನ್ನು ಶೋಧಿಸುವುದು ನನ್ನ ಹೆಂಡತಿ ಗಿರಿಜೆಯ ನಲವತ್ತು ವರ್ಷಗಳ ಪದ್ಧತಿ. ನಾನು ಗೋವೆಯ ಮುರ್ಮುಗಾಂವ್ ಬಂದರಿನಲ್ಲಿ ಕ್ರೇನ್ ಫಿಟ್ಟರನಾಗಿದ್ದ ದಿನಗಳಲ್ಲಿ ಆ ಜೇಬುಗಳಿಂದ ನಟ್ಟು, ವಾಷರು, ಗ್ರೀಸು ಮೆತ್ತಿದ ಚಿಂದಿಗಳು ಹೊರಬರುತ್ತಿದ್ದವು. ನಿವೃತ್ತನಾಗಿ ಫೋಂಡಾಕ್ಕೆ ಬಂದು ನೆಲಸಿದ ಮೇಲೆ ಅವಳ ಶೋಧನೆಯ ಫಲ ಸೊರಗಿದೆ: ಔಷಧದ ಚೀಟಿ, ಗ್ರಂಥಾಲಯದ ಕಾರ್ಡು, ಹೆಚ್ಚೆಂದರೆ ಒಂದು ಲವಂಗ. ಕಳೆದ ವಾರ ಮಾತ್ರ ಅವಳಿಗೆ ಒಂದು ದಾರ ಸಿಕ್ಕಿತು. ಎರಡು ಮಾರು ಉದ್ದ, ಒಂದು ತುದಿಯಲ್ಲಿ ಕುಣಿಕೆ.

“ಇದೇನ್ರಿ ಇದು?”

“ದಾರ.”

“ದಾರ ಅಂತ ನನಗೂ ಕಾಣ್ತೈತಿ. ಇದು ಇನ್ನೂ ನಿಮ್ಮ ಕಿಸೇದಾಗ ಯಾಕ ಐತಿ ಅಂತ ಕೇಳಾಕತ್ತೇನಿ.”

ಕೆಲವು ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರ ಕೊಟ್ಟರೆ ಉತ್ತರಕ್ಕೇ ಅವಮಾನ. ಅವಳಿಗೆ ಹೇಳದೆ ಉಳಿದದ್ದನ್ನು ಓದುಗರಾದ ನಿಮಗೆ ಸಾವಕಾಶವಾಗಿ ಹೇಳುತ್ತೇನೆ. ನಿಮಗೂ ಬೇಸರವಾದರೆ ದಾರವನ್ನು ಮಡಿಚಿ ಮತ್ತೆ ಜೇಬಿಗೆ ಹಾಕಿಕೊಳ್ಳುತ್ತೇನೆ.

ಆ ಕುಣಿಕೆ ರಾಕೆಟ್ಟಿನ ಸೊಂಟಕ್ಕೆ ಹಾಕುವುದು. ದೀಪಾವಳಿಯ ರಾಕೆಟ್ಟಲ್ಲ, ಕಾಗದದ ಕೊಳವೆ, ಮರದ ಮೂಗು, ಹಗುರ ಹಲಗೆಯ ರೆಕ್ಕೆಗಳಿಂದ ಮಾಡಿದ ಮೊಳಕೈ ಉದ್ದದ ಮಾದರಿ ರಾಕೆಟ್ಟು. ಅದರ ತೂಕ ಎರಡೂ ಕಡೆಗೆ ಸಮನಾಗುವ ಜಾಗದಲ್ಲಿ ದಾರ ಕಟ್ಟಿ, ತಲೆಯ ಮೇಲೆ ಗರಗರನೆ ತಿರುಗಿಸಬೇಕು. ಮೂಗು ಮುಂದಾಗಿ ತಿರುಗಿದರೆ ಅದು ಆಕಾಶಕ್ಕೆ ನೆಟ್ಟಗೆ ಹೋಗುತ್ತದೆ. ಬಾಲ ಮುಂದಾಗಿಯೋ ಅಡ್ಡಡ್ಡವಾಗಿಯೋ ತಿರುಗಿದರೆ ಅದನ್ನು ಹಾರಿಸಬಾರದು. ಈ ವಿದ್ಯೆಯನ್ನು ನಾನು ಕಲಿತದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಮಹಡಿಯ ಮೇಲೆ ನಾನು ಹೀಗೆ ದಾರ ಬೀಸುವುದನ್ನು ಕಂಡ ಎದುರು ಮನೆಯವರು, ಫಿಟ್ಟರ್ ಸಾಹೇಬರು ಕಾಗೆ ಓಡಿಸುತ್ತಿದ್ದಾರೆಂದು ಬಹುಕಾಲ ನಂಬಿದ್ದರು.

ಫೋಂಡಾದ ಅಂಚಿನಲ್ಲಿ, ಗುಡ್ಡದ ಮಗ್ಗುಲಲ್ಲಿ ನಮ್ಮ ಕಾಲೊನಿ. ಅಲ್ಲೊಂದು ಗ್ರಂಥಾಲಯ, ಅದರ ಹಜಾರದಲ್ಲಿ ಭಾನುವಾರಗಳಂದು ಸೇರುವ ಒಂದು ಹವ್ಯಾಸಿ ಕೂಟ. ಮಳೆಗಾಲ ಮುಗಿದು ಹುಲ್ಲು ಹಳದಿಯಾಗುವ ಹೊತ್ತಿಗೆ ಈ ಕೂಟದವರು ಹಿಂದಿನ ಗುಡ್ಡದ ತಲೆಯ ಕೆಂಪುಗಲ್ಲಿನ ಬಯಲಲ್ಲಿ ರಾಕೆಟ್ಟು ಹಾರಿಸುವ ಪಂದ್ಯ ಇಡುತ್ತಾರೆ. ಮದ್ದು ತುಂಬಿದ ಬೆರಳುದ್ದದ ಮೋಟಾರು ಕೂಟದವರದು. ಅದನ್ನು ದೂರದಿಂದ ತಂತಿಯ ಮೂಲಕ ಹೊತ್ತಿಸುವವರೂ ಅವರೇ. ಉಳಿದದ್ದೆಲ್ಲ ಸ್ಪರ್ಧಿಗಳದು. ಹೊಸತನ, ಹಾರಾಟ, ಅಂದ ಎಂಬ ಮೂರು ಗುಣಗಳಿಗೆ ಬೇರೆ ಬೇರೆ ಅಂಕ. ಒಂದೊಂದು ಗುಣದಲ್ಲಿ ಮೊದಲು ಬಂದ ರಾಕೆಟ್ಟು ಗ್ರಂಥಾಲಯದ ಬಾಗಿಲ ಪಕ್ಕದ ಗಾಜಿನ ಕಪಾಟಿನಲ್ಲಿ ಒಂದು ವರ್ಷ ನಿಲ್ಲುತ್ತದೆ. ಷರತ್ತು ಒಂದೇ: ಅದು ನಿಜವಾಗಿ ಹಾರಿರಬೇಕು, ಮತ್ತು ಒಂದು ಭಾಗವೂ ಕಳಚಿ ಬೇರೆಯಾಗದೆ ನೆಲಕ್ಕೆ ಮರಳಿರಬೇಕು.

ನಾನು ಈ ಗೋಜಿಗೆ ಹೋದದ್ದು ಹನಮಂತಪ್ಪನಿಗಾಗಿ. ಹಾಗೆಂದು ನಾನು ಹೇಳಿಕೊಳ್ಳುತ್ತೇನೆ. ನನ್ನ ಮಾತನ್ನೂ ನೀವು ಪರೀಕ್ಷಿಸದೆ ಒಪ್ಪಬೇಕಾಗಿಲ್ಲ.

ಹನಮಂತಪ್ಪ ನನ್ನ ಹಳೆಯ ಗೆಳೆಯ, ಗೋಕಾಕದ ಕಡೆಯವನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಬಣ್ಣದ ಡಬ್ಬಿ, ನಾಲ್ಕು ಕುಂಚ ಹಿಡಿದು ಗೋವೆಗೆ ಬಂದವನು. ಫೋಂಡಾದ ಅಂಗಡಿಗಳ ಬೋರ್ಡು, ಅದಿರು ಸಾಗಿಸುವ ಬಾರ್ಜುಗಳ ಹೆಸರು, ಟ್ರಕ್ಕುಗಳ ಹಿಂಬದಿಯ ಎಚ್ಚರಿಕೆ, ಎಲ್ಲವನ್ನೂ ಬರೆದ. ರೋಮನ್, ದೇವನಾಗರಿ, ಕನ್ನಡ, ಮೂರೂ ಲಿಪಿಗಳು ಅವನ ಕೈಗೆ ಒಂದೇ. ಯಾವ ಹೆಸರನ್ನಾದರೂ ಅವನು ಕೊನೆಯ ಅಕ್ಷರದಿಂದ ಬರೆಯತೊಡಗಿ ಮೊದಲಿನದಕ್ಕೆ ಬರುತ್ತಾನೆ. ಕಾರಣ ಕೇಳಿದರೆ, “ಮುಂದಿಂದ ಬರದವರ ಕಡೀ ಅಕ್ಷರ ನೋಡ್ರಿ ಅಣ್ಣಾರ, ಬಸ್ಸಿನಾಗ ಸೀಟ್ ಸಿಗದವರಂಗ ನಿಂತಿರತಾವು” ಎನ್ನುತ್ತಾನೆ.

ಆಮೇಲೆ ಫ್ಲೆಕ್ಸ್ ಬಂತು. ಒಂದು ರಾತ್ರಿಯಲ್ಲೇನೂ ಅಲ್ಲ, ಆದರೆ ಬಂದದ್ದು ಹೋಗಲಿಲ್ಲ. ಎರಡು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅವನು ನನ್ನ ಮನೆಗೆ ಬಂದು, ಊರಲ್ಲಿ ತನ್ನ ಕೈಬರಹದ ಬೋರ್ಡು ಯಾವುದಾದರೂ ಉಳಿದಿದೆಯೇ ನೋಡಬೇಕೆಂದ. ಇಬ್ಬರೂ ಬಸ್ ನಿಲ್ದಾಣದಿಂದ ಹೊರಟು ಪೇಟೆಯ ಎಲ್ಲ ಓಣಿಗಳನ್ನೂ ಸುತ್ತಿದೆವು. ಒಂದೂ ಸಿಗಲಿಲ್ಲ. ದರ್ಜಿಯೊಬ್ಬನ ಅಂಗಡಿಯ ಬೋರ್ಡು ಮಾತ್ರ ಇರಲೇಬೇಕೆಂದು ಅವನಿಗೆ ಭರವಸೆಯಿತ್ತು. ದರ್ಜಿ ಸಂಕೋಚದಿಂದ ನಮ್ಮನ್ನು ಹಿತ್ತಿಲಿಗೆ ಕರೆದೊಯ್ದ. ಬೋರ್ಡು ಕೋಳಿಗೂಡಿನ ಮಾಡಾಗಿತ್ತು, ಬರಹದ ಮುಖ ಒಳಗೆ. ಹನಮಂತಪ್ಪ ಬಗ್ಗಿ ನೋಡಿ, “ಇರಲಿ ಬಿಡ್ರಿ. ಕೋಳಿಗಳರ ಓದಾಕತ್ತಾವು” ಎಂದ.

ಮರಳುವಾಗ ಗ್ರಂಥಾಲಯದ ಬಾಗಿಲಲ್ಲಿ ಅವನು ನಿಂತುಬಿಟ್ಟ. ಕಪಾಟಿನೊಳಗೆ ಮೂರು ರಾಕೆಟ್ಟುಗಳಿದ್ದವು. ಧೂಳಿಲ್ಲ, ಬಿಸಿಲಿಲ್ಲ, ಮಳೆಯಿಲ್ಲ.

“ಇದರಾಗ ಇಟ್ಟದ್ದನ್ನ ತಗೀತಾರೇನ್ರಿ?”

“ಒಂದ ವರ್ಷ ಇಡ್ತಾರ. ಆಮ್ಯಾಲ ತಗೀತಾರ.”

“ಒಂದ ವರ್ಷ!” ಎಂದು ಅವನು ಗಾಜಿಗೆ ಮೂಗು ತಾಗುವಷ್ಟು ಬಾಗಿದ. “ಭಾಳ ಆತಲ್ರಿ.”

ನಾವೂ ಒಂದನ್ನು ಮಾಡೋಣ, ನೀನು ಬಣ್ಣ ಹಾಕು ಎಂದು ನಾನು ಅಲ್ಲಿಯೇ ಮಾತು ಕೊಟ್ಟೆ. ಅಂದ ಅವನ ಪಾಲಿಗೆ. ಹಾರಾಟದ ಲೆಕ್ಕಾಚಾರಕ್ಕೆ ನೆರೆಮನೆಯ ವಿದ್ಯಾ ಒಪ್ಪಿದಳು. ಧಾರವಾಡದ ಹೆಣ್ಣುಮಗಳು, ಇಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಉಳಿದದ್ದು ಹೊಸತನ. ಅದನ್ನು ನಾನು ಯಾರನ್ನೂ ಕೇಳದೆ ನನ್ನ ಪಾಲಿಗೆ ಇಟ್ಟುಕೊಂಡೆ. ಕೆಟ್ಟದ್ದೆಲ್ಲ ಶುರುವಾದದ್ದು ಅಲ್ಲಿಂದ.

ನನ್ನ ಸ್ವಭಾವದ ಬಗ್ಗೆ ಇಲ್ಲಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಶಾಲೆ ಬಿಟ್ಟದ್ದು ಏಳನೆಯ ಇಯತ್ತೆಯಲ್ಲಿ. ಓದಿದ್ದೆಲ್ಲ ಆಮೇಲೆ, ರದ್ದಿ ಅಂಗಡಿಯ ಪುಸ್ತಕಗಳಿಂದ. ಅವುಗಳಲ್ಲಿ ಮೊದಲ ಪುಟಗಳೋ ಕೊನೆಯ ಪುಟಗಳೋ ಇರುತ್ತಿರಲಿಲ್ಲ. ಹಾಗಾಗಿ ಗ್ರಂಥಕರ್ತನ ಹೆಸರನ್ನೂ ಅವನ ತೀರ್ಮಾನವನ್ನೂ ನಂಬಿಕೊಂಡು ಕೂರುವ ಸೌಕರ್ಯ ನನಗೆ ಸಿಗಲಿಲ್ಲ. ಎಲ್ಲರೂ ಹೇಳುತ್ತಾರೆ ಎಂಬ ಕಾರಣಕ್ಕೆ ನಾನು ಯಾವುದನ್ನೂ ಒಪ್ಪಿದವನಲ್ಲ.

ಈ ಚಾಳಿ ಹುಬ್ಬಳ್ಳಿಯ ಚಾಳಿನಲ್ಲಿ ಹತ್ತಿದ್ದು. ನನಗಾಗ ಒಂಬತ್ತು ವರ್ಷವಿದ್ದೀತು. ದೀಪಾವಳಿಯ ರಾಕೆಟ್ಟಿಗೆ ಉದ್ದ ಕಡ್ಡಿ ಯಾಕೆ ಎಂದು ನಾನು ಕೇಳಿದೆ. ಬಾಟಲಿಯಲ್ಲಿ ನಿಲ್ಲಿಸಲಿಕ್ಕೆ ಎಂದು ದೊಡ್ಡಪ್ಪ ಹೇಳಿದರು, ಅಪ್ಪ ಹೇಳಿದರು, ಪಟಾಕಿ ಮಾರುವವನೂ ಹೇಳಿದ. ಬಾಟಲಿ ಗೇಣುದ್ದ, ಕಡ್ಡಿ ಅದರ ಮೂರರಷ್ಟು. ನಿಲ್ಲಿಸಲಿಕ್ಕಷ್ಟೇ ಆದರೆ ಗೇಣುದ್ದ ಸಾಕಲ್ಲವೇ? ನಾನು ಕಡ್ಡಿಯನ್ನು ಗೇಣಿಗೆ ಮುರಿದು, ಚೆನ್ನಾಗಿ ಕಾಣಲೆಂದು ಮಧ್ಯಾಹ್ನದ ಬಿಸಿಲಿನಲ್ಲೇ ಹಚ್ಚಿದೆ. ರಾಕೆಟ್ಟು ಬಾಟಲಿಯಿಂದೆದ್ದು, ಒಂದು ಲಾಗ ಹಾಕಿ, ಎದುರು ಮಹಡಿಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಯ ಚಾಪೆಯ ಉದ್ದಗಲವನ್ನೂ ಅಳೆಯಿತು. ಬೆನ್ನಿಗೆ ಬಿದ್ದ ಪೆಟ್ಟುಗಳ ನಡುವೆಯೂ ನನಗೆ ಒಂದು ಸಂತೋಷವಿತ್ತು: ಮೂವರು ದೊಡ್ಡವರು ಹೇಳಿದ್ದು ಸುಳ್ಳು, ಕಡ್ಡಿ ಇರುವುದು ದಾರಿ ತಪ್ಪದಿರಲೆಂದು. ಮುಂದಿನ ಅರವತ್ತು ವರ್ಷ ನಾನು ಆ ಸಂತೋಷದ ಮೇಲೆ ಬದುಕಿದೆನೆಂದರೆ ತಪ್ಪಾಗದು. ಒಮ್ಮೆ ಸರಿಯಾಗಿ ಸಂಶಯಪಟ್ಟವನಿಗೆ ತಾನು ಯಾವಾಗಲೂ ಸರಿಯಾಗಿಯೇ ಸಂಶಯಪಡುತ್ತೇನೆಂಬ ಭ್ರಮೆ ಹುಟ್ಟುತ್ತದೆ.

ನನ್ನ ಹೊಸ ವಿಚಾರ ಹೀಗಿತ್ತು. ಎಲ್ಲರೂ ಮೋಟಾರನ್ನು ರಾಕೆಟ್ಟಿನ ಬುಡದಲ್ಲಿಡುತ್ತಾರೆ. ಕೆಳಗಿನಿಂದ ದೂಡಿದ ವಸ್ತು ವಾಲದೆ ಇನ್ನೇನು ಮಾಡೀತು? ಕ್ರೇನನ್ನು ನೋಡಿ. ಕೊಕ್ಕೆ ಮೇಲೆ, ಭಾರ ಕೆಳಗೆ; ಎಷ್ಟೇ ತೂಗಾಡಿದರೂ ಕೊನೆಗೆ ನೆಟ್ಟಗೆ ನಿಲ್ಲುತ್ತದೆ. ಮೂವತ್ತೈದು ವರ್ಷ ಹಗಲೂ ಇರುಳೂ ಇದನ್ನೇ ಕಂಡವನು ನಾನು. ಮೋಟಾರನ್ನು ಮೂಗಿನ ಹತ್ತಿರ ಎರಡು ಕಡ್ಡಿಗಳ ನಡುವೆ ಕಟ್ಟಿ, ಕೊಳವೆಯನ್ನು ಕೆಳಗೆ ತೂಗುಬಿಟ್ಟರೆ, ರೆಕ್ಕೆಗಳ ಹಂಗೇ ಬೇಡ. ನಕ್ಷೆ ಬರೆದು ವಿದ್ಯಾಳ ಮುಂದಿಟ್ಟೆ.

“ಕಾಕಾ, ಇದು ಹೋಗೂದಿಲ್ಲ. ಮೋಟಾರ್ ಮ್ಯಾಲ ಇಟ್ರೂ ಅಷ್ಟ, ಕೆಳಗ ಇಟ್ರೂ ಅಷ್ಟ. ಹಿಂದಕ ಭಾಳ ಮಂದಿ ಇದೇ ತಪ್ಪು ಮಾಡ್ಯಾರ.”

“ಎಂಥಾ ಮಂದಿ?”

“ದೊಡ್ಡ ದೊಡ್ಡ ವಿಜ್ಞಾನಿಗಳು.”

“ಅಂಥವರು ಮಾಡಿದ್ದಂದ್ರ ಅದರಾಗ ಏನರ ಹುರುಳು ಇರಬೇಕು.”

“ಅವರ ಆಮ್ಯಾಲ ತಪ್ಪು ಅಂತ ಒಪ್ಪಿಕೊಂಡ್ರು, ಕಾಕಾ.”

“ನಾ ಇನ್ನೂ ಒಪ್ಪಿಕೊಂಡಿಲ್ಲಲ್ಲ.”

ಅವಳು ನಕ್ಕು, ನಕ್ಷೆಯನ್ನು ಮಡಿಚಿ ನನ್ನ ಕೈಗಿಟ್ಟಳು. ತನ್ನ ಬಣ್ಣ ಯಾವ ಕೊಳವೆಯ ಮೇಲೆ ಕೂರುವುದೋ ಅದು ಹಾರಿ ಮರಳಬೇಕು ಎಂಬುದಷ್ಟೇ ಹನಮಂತಪ್ಪನಿಗೆ ಬೇಕಾದದ್ದು. ಮತ್ತು ನನ್ನ ಮಾತಿನ ಮೇಲೆ ಅವನಿಗೆ ಇದ್ದ ಭರವಸೆ ನನಗೇ ಭಾರವಾಗುವಷ್ಟಿತ್ತು.

ಬಣ್ಣವಿಲ್ಲದ ಮಾದರಿಯನ್ನು ಮೊದಲು ಹಾರಿಸಿದೆವು. ಕೂಟದ ಒಬ್ಬರು ಗುಂಡಿ ಒತ್ತಿದರು. ಅದು ಆಳೆತ್ತರ ಏರಿತು, ಏನನ್ನೋ ಮರೆತವರಂತೆ ಅರೆಕ್ಷಣ ತಡೆಯಿತು, ಪಕ್ಕಕ್ಕೆ ವಾಲಿ ಬಯಲಿನ ಸುತ್ತ ಒಂದು ಚಕ್ಕರ್ ಹೊಡೆದು ಗೋಡಂಬಿಯ ಪೊದೆಗೆ ನುಗ್ಗಿತು. ಗಾಳಿ ಎಂದೆ ನಾನು. ಗಾಳಿಯೇ ಇರದ ಇನ್ನೊಂದು ಮುಂಜಾನೆ ಎರಡನೆಯದನ್ನು ಹಾರಿಸಿದೆವು. ಅದೂ ಅದೇ ಪೊದೆಗೆ ಹೋಯಿತು. ಗಿರಿಜೆ ಕೇಳಿದಳು: “ಆ ಗಿಡದಾಗ ಏನರ ನಿಮ್ಮ ಬಳಗ ಐತೇನು?”

ಅವರೆಲ್ಲ ಇಳಿದು ಹೋದ ಮೇಲೆ ನಾನು ಸುಟ್ಟ ಕಡ್ಡಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೆಂಪುಗಲ್ಲಿನ ಮೇಲೆ ಬಹಳ ಹೊತ್ತು ಕುಳಿತೆ. ದೂರದಲ್ಲಿ, ಕಟ್ಟುತ್ತಿರುವ ಒಂದು ದೊಡ್ಡ ಕಟ್ಟಡದ ಮೇಲೆ ಕ್ರೇನು ಸಿಮೆಂಟಿನ ಬುಟ್ಟಿಯನ್ನು ಎತ್ತುತ್ತಿತ್ತು. ಬುಟ್ಟಿ ತೂಗಾಡಿತು, ನಿಂತಿತು. ಕೊಕ್ಕೆ ಹಗ್ಗಕ್ಕೆ, ಹಗ್ಗ ಕ್ರೇನಿನ ತೋಳಿಗೆ, ತೋಳು ಕಂಬಕ್ಕೆ, ಕಂಬ ಭೂಮಿಗೆ. ಭಾರ ವಾಲಿದರೂ ಹಿಡಿದದ್ದು ವಾಲುವುದಿಲ್ಲ. ನನ್ನ ಮೋಟಾರನ್ನು ಹಿಡಿದವರು ಯಾರು? ಅದೇ ಕೊಳವೆ. ಕೊಳವೆ ವಾಲಿದರೆ ಮೋಟಾರೂ ಜತೆಗೇ ವಾಲಿ, ವಾಲಿದ ಕಡೆಗೇ ಎಳೆಯುತ್ತದೆ. ಮೂವತ್ತೈದು ವರ್ಷ ನಾನು ಕೊಕ್ಕೆಯನ್ನು ಕಂಡಿದ್ದೆ, ತೋಳನ್ನು ಕಂಡಿದ್ದೆ. ಎಲ್ಲಕ್ಕೂ ಕೆಳಗಿದ್ದ ಭೂಮಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ವಿದ್ಯಾ ಹೇಳಿದ್ದೇ ಸರಿ ಎಂಬುದಕ್ಕಿಂತ, ನನ್ನದೇ ಕಸುಬು ನನ್ನನ್ನು ದಾರಿ ತಪ್ಪಿಸಿತಲ್ಲ ಎಂಬುದು ಹೆಚ್ಚು ಚುಚ್ಚಿತು.

ಮರುದಿನ ಅವಳ ಮುಂದೆ ಒಪ್ಪಿಕೊಂಡೆ. ಅವಳು ಗೆಲುವನ್ನು ತೋರಿಸಲಿಲ್ಲ, ಧಾರವಾಡದ ಮರ್ಯಾದೆ. ಒಂದು ದಾರ ತಂದು, ಕುಣಿಕೆ ಹಾಕಿ, ತಿರುಗಿಸಿ ಪರೀಕ್ಷಿಸುವುದನ್ನು ಕಲಿಸಿಕೊಟ್ಟಳು. “ನನ್ನ ಮಾತು ನಂಬಬ್ಯಾಡ್ರಿ, ದಾರದ ಮಾತು ನಂಬ್ರಿ” ಎಂದಳು. ನನ್ನನ್ನು ಒಲಿಸುವ ಬಗೆ ಅವಳಿಗೆ ಗೊತ್ತಾಗಿತ್ತು.

ಮೋಟಾರು ಬುಡಕ್ಕೆ ಬಂತು, ರೆಕ್ಕೆಗಳೂ ಬೇಕಾದವು. ಆದರೂ ಹೊಸತನವನ್ನು ಪೂರಾ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮೀನುಪೇಟೆಯಲ್ಲಿ ಇಸ್ವಣ ಮೀನಿನ ಬಾಲವನ್ನು ನೋಡಿದ್ದೀರಾ? ಕುಡಗೋಲಿನಂತೆ ಹಿಂದಕ್ಕೆ ಬಾಗಿ, ತುದಿ ಚೂಪಾಗಿ, ಸತ್ತು ಬುಟ್ಟಿಯಲ್ಲಿ ಮಲಗಿದ್ದರೂ ವೇಗವಾಗಿ ಹೋಗುತ್ತಿರುವಂತೆ ತೋರುತ್ತದೆ. ಮೂರು ರೆಕ್ಕೆಗಳನ್ನು ಆ ಬಾಲದಂತೆ, ಕೊಳವೆಯ ಬುಡಕ್ಕಿಂತ ಕೆಳಗೆ ಚಾಚುವ ಹಾಗೆ ಕತ್ತರಿಸಿದೆ.

“ಹುಟ್ಟಿದಾಗಿಂದ ಮೀನ ಮುಟ್ಟಿದವರಲ್ಲ, ಈಗ ಬಾಲ ಅಳೀಲಿಕ್ಕೆ ಪೇಟಿಗೆ ಹೋಗಾಕತ್ತೀರಿ” ಎಂದು ಗಿರಿಜೆ. “ಇಳಿಯೂ ಮುಂದ ಆ ತುದಿನೇ ಮೊದ್ಲ ನೆಲಕ್ಕ ಬಡೀತೈತಿ ಕಾಕಾ, ಮುರೀತೈತಿ” ಎಂದು ವಿದ್ಯಾ. ಮುರಿಯದಿರಲೆಂದು ರೆಕ್ಕೆಗಳ ಎರಡೂ ಮುಖಕ್ಕೆ ತೆಳು ಕಾಗದ ಅಂಟಿಸಿದೆ, ಆಕಾರ ಮಾತ್ರ ಬದಲಿಸಲಿಲ್ಲ. ಒಂದು ಸಲ ಸೋತವನು ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಹಟ ಹಿಡಿಯುತ್ತಾನೆ. ಇದನ್ನು ನಾನು ಬೇರೆಯವರಲ್ಲಿ ಎಷ್ಟೋ ಸಲ ಕಂಡು ನಕ್ಕಿದ್ದೇನೆ.

ಆಮೇಲೆ ಹನಮಂತಪ್ಪನ ಸರದಿ. ನಮ್ಮ ಪಡಸಾಲೆಯಲ್ಲಿ ಹತ್ತು ದಿನ ಎನಾಮೆಲ್ಲಿನ ವಾಸನೆ. ಅವನು ಒಂದು ಕೋಟು ಹಚ್ಚಿ, ಒಣಗಿಸಿ, ನೀರುಕಾಗದವೆಂಬ ಒದ್ದೆ ಮರಳುಕಾಗದದಿಂದ ಉಜ್ಜಿ, ಮತ್ತೊಂದು ಹಚ್ಚುವನು. ಬಾರ್ಜುಗಳಿಗೆ ಹಚ್ಚುತ್ತಿದ್ದ ಕಡುನೀಲಿ, ಅದರ ಮೇಲೆ ರೆಕ್ಕೆಯ ಅಂಚಿಗೆ ಕೂದಲೆಳೆಯ ಚಿನ್ನದ ಗೆರೆ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು, ಉಸಿರು ಹಿಡಿದು ಆ ಗೆರೆ ಎಳೆಯುವಾಗ ಗಿರಿಜೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವುದನ್ನೂ ತಡೆಹಿಡಿಯುತ್ತಿದ್ದಳು.

“ಅಣ್ಣಾರ, ಹೆಸರು ಹೇಳ್ರಿ. ಹೆಸರಿಲ್ಲದ ಗಾಡಿಗೆ ನಾ ಬಣ್ಣ ಹಚ್ಚಿದ್ದ ಇಲ್ಲ.”

“ಬಾರ್ಜಿನ ಮಾಲಕರು ಏನು ಬರಸ್ತಿದ್ರು?”

“ಅವ್ವನ ಹೆಸರು, ಇಲ್ಲಂದ್ರ ಹೆಂಡ್ತಿ ಹೆಸರು.”

“ಹಂಗಾರ ಗಿರಿಜಾ ಅಂತ ಬರಿ.”

ಒಳಗಿನಿಂದ ಸೌಟು ಹಿಡಿದೇ ಅವಳು ಬಂದಳು. “ನನ್ನ ಹೆಸರು ಬರದು ಬುಡಕ್ಕ ಬೆಂಕಿ ಹಚ್ಚಾವ್ರೇನ್ರಿ?”

“ವೈನಿ, ಬೆಂಕಿ ಕೆಳಗಿರತೈತ್ರಿ. ನಿಮ್ಮ ಹೆಸರು ಮ್ಯಾಲ, ಮೂಗಿನ ಹತ್ರ ಬರೀತೇನಿ.”

ಅವಳು ಸ್ವಲ್ಪ ಯೋಚಿಸಿ, “ಅಕ್ಷರ ಚಂದ ಬರಲಿ” ಎಂದು ಒಳಗೆ ಹೋದಳು. ಹೆಸರು ಮೂರೂ ಲಿಪಿಗಳಲ್ಲಿ ಮೂಡಿತು, ಪ್ರತಿಯೊಂದೂ ಕೊನೆಯ ಅಕ್ಷರದಿಂದ ಹಿಂದಕ್ಕೆ. ಮುಗಿದ ದಿನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಅದರ ಬಗ್ಗೆ ನಾನು ಏನೂ ವರ್ಣಿಸುವುದಿಲ್ಲ. ವಿದ್ಯಾ ಮುಟ್ಟಲು ಚಾಚಿದ ಕೈಯನ್ನು ಸೀರೆಗೆ ಒರೆಸಿಕೊಂಡು ಆಮೇಲೆ ಮುಟ್ಟಿದಳು ಎಂದರೆ ಸಾಕು.

ಮಹಡಿಗೆ ಹೋಗಿ ದಾರ ಕಟ್ಟಿ ತಿರುಗಿಸಿದೆ. ಬಾಲ ಮುಂದಾಯಿತು.

ಇನ್ನೊಮ್ಮೆ ತಿರುಗಿಸಿದೆ. ಮತ್ತೆ ಬಾಲ. ರೆಕ್ಕೆಗಳ ಮೇಲಿನ ಐದು ಕೋಟುಗಳ ಬಣ್ಣ ಬಾಲವನ್ನು ಭಾರ ಮಾಡಿತ್ತು. ಇದನ್ನು ಹಾರಿಸಿದರೆ ಗೋಡಂಬಿಯ ಪೊದೆಗೆ ಮೂರನೆಯ ಅತಿಥಿ. ಅದೂ ಈ ಸಲ ಬರಿಯ ಕೊಳವೆಯಲ್ಲ. ವಿದ್ಯಾ ಮೆಲ್ಲಗೆ ಎರಡು ದಾರಿಗಳನ್ನು ಹೇಳಿದಳು. ರೆಕ್ಕೆಗಳ ಬಣ್ಣವನ್ನು ಕೆರೆದು ಹಗುರ ಮಾಡುವುದು ಒಂದು. ಆಗ ರಾಕೆಟ್ಟು ಎತ್ತರಕ್ಕೂ ಹೋಗುತ್ತದೆ. ಮೂಗಿನೊಳಗೆ ಭಾರ ತುಂಬಿ ಸರಿದೂಗಿಸುವುದು ಇನ್ನೊಂದು. ಆಗ ನೆಟ್ಟಗೆ ಹೋದರೂ ಎತ್ತರಕ್ಕೆ ಹೋಗದು, ಹಾರಾಟದ ಅಂಕ ಕೈಬಿಟ್ಟಂತೆಯೇ. ಅವಳು ಎರಡು ತಿಂಗಳಿಂದ ಗುಣಿಸಿ ಭಾಗಿಸಿ ತಂದಿದ್ದ ಎತ್ತರ ಅದು. ಹನಮಂತಪ್ಪ ನೀರುಕಾಗದದ ಚೂರನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಚಾಚಿದ.

“ಕೆರೀರಿ ಅಣ್ಣಾರ. ನೀವ ಕೆರೀರಿ. ನನ್ನ ಕೈಲೆ ಆಗೂದಿಲ್ಲ.”

ಹೀಗೆಂದವನು ಮಹಡಿಯ ಕಟ್ಟೆಗೆ ಒರಗಿ ರಸ್ತೆಯ ಕಡೆ ಮುಖ ಮಾಡಿ ನಿಂತ. ಕೆಳಗೆ ಕಾಣುತ್ತಿದ್ದದ್ದು ಫೋಂಡಾದ ಅಂಗಡಿಸಾಲು, ಉದ್ದಕ್ಕೂ ಫ್ಲೆಕ್ಸ್.

ಸಮತೋಲನವೆಂದರೆ ಮೂರು ಗುಣಗಳಿಗೂ ಸಮಪಾಲು ಹಂಚುವುದು ಎಂದು ಕೂಟದವರ ಕೈಪಿಡಿಯಲ್ಲಿದೆ. ಓದಿದಾಗಲೇ ನನಗೆ ಸಂಶಯ ಬಂದಿತ್ತು. ಬಂದರಿನ ಕ್ರೇನಿನ ಹಿಂಬದಿಯಲ್ಲಿ ಒಂದು ದೊಡ್ಡ ಕಾಂಕ್ರೀಟಿನ ಗಡ್ಡೆ ಇರುತ್ತದೆ. ಅದು ಏನನ್ನೂ ಎತ್ತುವುದಿಲ್ಲ, ನೋಡಲು ಚಂದವಿಲ್ಲ, ಅದರ ಮುಂದೆ ನಿಂತು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ಅದು ಹಿಂದೆ ಸುಮ್ಮನೆ ಕೂತಿರುವುದರಿಂದಲೇ ಮುಂದಿನ ತೋಳು ಹಡಗಿನ ಸರಕನ್ನು ಎತ್ತುತ್ತದೆ. ಸಮತೋಲನದಲ್ಲಿ ಸಮಪಾಲು ಎಂಬುದನ್ನು ನಾನೆಲ್ಲಿಯೂ ಕಂಡಿಲ್ಲ. ಯಾರೋ ಒಬ್ಬರು ಹಿಂದೆ ಸುಮ್ಮನೆ ಕೂರುವುದನ್ನು ಕಂಡಿದ್ದೇನೆ. ಈ ಸಲ ಯಾರು ಕೂರಬೇಕು? ನನ್ನ ಹೊಸತನಕ್ಕೆ ಎರಡು ರಾಕೆಟ್ಟುಗಳು ಬಲಿಯಾಗಿದ್ದವು. ಕೇಳುವ ಬಾಯಿ ನನಗಿರಲಿಲ್ಲ. ನಾನು ವಿದ್ಯಾಳ ಮುಖ ನೋಡಿದೆ. ಅವಳು ಹನಮಂತಪ್ಪನ ಬೆನ್ನನ್ನು ನೋಡುತ್ತಿದ್ದಳು.

“ಕಿಡಕಿ ಗಾಜಿಗೆ ಹಚ್ಚೂ ಪುಟ್ಟಿ ಐತೇನ್ರಿ ಪೇಂಟರ್ ಕಾಕಾ?” ಎಂದಳು ಅವಳು.

“ಐತವ್ವಾ. ಯಾಕ?”

“ಮೂಗಿನಾಗ ತುಂಬೂಣು. ಎತ್ತರ ಹೋಗದಿದ್ರ ಹೋತು.”

ಅವನು ತಿರುಗಿದ. ಪುಟ್ಟಿ ತರಲು ಮೆಟ್ಟಿಲಿಳಿದ. ಮೂಗು ಬಿಚ್ಚಿ, ಚಿಟಿಕೆ ಚಿಟಿಕೆಯಾಗಿ ತುಂಬುತ್ತ, ತಿರುಗಿಸುತ್ತ, ಐದನೆಯ ಸಲಕ್ಕೆ ಮೂಗು ಮುಂದಾಯಿತು.

ಪಂದ್ಯದ ಬೆಳಿಗ್ಗೆ ಗಾಳಿ ಏಳುವ ಮೊದಲೇ ಗುಡ್ಡ ಹತ್ತಿದೆವು. ಇಪ್ಪತ್ತರಷ್ಟು ರಾಕೆಟ್ಟುಗಳಿದ್ದವು. ಕೆಲವು ಚಿವ್ವೆಂದು ಹೋಗಿ ಕಣ್ಣಿಗೇ ಸಿಗಲಿಲ್ಲ. ಹೆಲಿಕಾಪ್ಟರಿನಂತೆ ರೆಕ್ಕೆ ಬಿಚ್ಚಿ ತಿರುಗುತ್ತ ಇಳಿದ ಒಂದನ್ನು ಕಂಡು, ಹೊಸತನದ ಕಪಾಟು ನನ್ನ ಪಾಲಿಗೆ ಮುಚ್ಚಿತೆಂದು ಒಪ್ಪಿಕೊಂಡೆ. ಅದು ನಿಜಕ್ಕೂ ಚೆನ್ನಾಗಿತ್ತು. ನಮ್ಮ ಸರದಿ ಬಂತು. ಹನಮಂತಪ್ಪ ರಾಕೆಟ್ಟಿನ ಮೇಲಿನ ಬೆರಳಗುರುತನ್ನು ಧೋತರದ ಚುಂಗಿನಿಂದ ಒರೆಸಿ, ಉಡಾವಣೆಯ ಕಂಬಿಗೆ ಏರಿಸಿ, ದೂರ ಬಂದು ನಿಂತ. ಗುಂಡಿ ಒತ್ತುವಾಗ ಅವನು ಆಕಾಶವನ್ನು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿದ್ದ.

ಅದು ಮೇಲೆದ್ದಿತು. ಭಾರದ ಮೂಗಿನ ಕಾರಣ ಅವಸರವಿಲ್ಲದೆ ಎದ್ದಿತು. ಏರುತ್ತಿರುವಾಗಲೇ ಅದರ ಹೆಸರನ್ನು ಓದಬಹುದಿತ್ತು. ಗಿರಿಜೆ ಗಟ್ಟಿಯಾಗಿ ಓದಿಯೂಬಿಟ್ಟಳು. ಅರ್ಧದಷ್ಟು ರಾಕೆಟ್ಟುಗಳು ಮುಟ್ಟಿದ ಎತ್ತರವನ್ನೂ ಅದು ಮುಟ್ಟಲಿಲ್ಲ, ಆದರೆ ಗೆರೆ ಎಳೆದಂತೆ ನೆಟ್ಟಗೆ ಹೋಯಿತು. ಹಳೆಯ ಕೊಡೆಯ ಬಟ್ಟೆಯಿಂದ ಗಿರಿಜೆ ಹೊಲಿದಿದ್ದ ಪ್ಯಾರಾಚೂಟು ಬಿಚ್ಚಿಕೊಂಡಿತು. “ಕಣ್ಣ ತಗೀಯೋ ಮಾರಾಯಾ, ಬರಾಕತ್ತೈತಿ!” ಎಂದು ನಾನು ಹನಮಂತಪ್ಪನ ತೋಳನ್ನು ಅಲುಗಿಸಿದೆ.

ಅದು ತೂಗಾಡುತ್ತ ಬಂದು ಬರಿಗಲ್ಲಿನ ಮೇಲೆ ಇಳಿಯಿತು. ವಿದ್ಯಾ ಹೇಳಿದ್ದಂತೆಯೇ ಇಸ್ವಣದ ತುದಿ ಮೊದಲು ಬಡಿಯಿತು. ಟಕ್ಕೆಂಬ ಶಬ್ದ ನಮಗೂ ಕೇಳಿಸಿತು.

ಓಡಿ ಹೋಗಿ ನೋಡಿದರೆ ಒಂದು ರೆಕ್ಕೆ ನಡುವೆ ಮುರಿದಿತ್ತು. ಒಳಗಿನ ಹಲಗೆ ಪೂರಾ ಸೀಳಿದ್ದರೂ ಒಂದು ಮುಖದ ಕಾಗದವೂ ಅದರ ಮೇಲಿನ ಬಣ್ಣವೂ ಚರ್ಮದಂತೆ ಹಿಡಿದುಕೊಂಡಿದ್ದವು. ತುಂಡು ಜೋತಾಡುತ್ತಿತ್ತು, ಕಳಚಿರಲಿಲ್ಲ. ಕೂಟದವರು ಎತ್ತಿ ಅಲುಗಿಸಿ ನೋಡಿ, ಷರತ್ತಿಗೆ ಭಂಗವಿಲ್ಲ ಎಂದರು. ಹನಮಂತಪ್ಪ ನನ್ನನ್ನು ಬೈಯದೆ ರೆಕ್ಕೆಯ ಧೂಳನ್ನು ಊದಿದ. ಬೈದಿದ್ದರೆ ಹಗುರಾಗುತ್ತಿತ್ತು.

ಅಂದಕ್ಕೆ ಅಂಕ ಕೊಡುವವನು ಕೊರ್ಲಿಮ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರನಾಗಿದ್ದ ಕೊಂಕಣಿ ಮಾತಿನ ತರುಣ. ಮೇಜಿನ ಮೇಲಿನ ರಾಕೆಟ್ಟುಗಳನ್ನು ಒಂದೊಂದಾಗಿ ನೋಡುತ್ತ ಬಂದು ನಮ್ಮದನ್ನು ಎತ್ತಿಕೊಂಡ. ಹೆಸರನ್ನು ಬೆಳಕಿಗೆ ಹಿಡಿದ. ಹುಬ್ಬು ಗಂಟಿಕ್ಕಿದ.

“ಹೆಂ ಸ್ಟಿಕರ್ ನ್ಹಯ್?”

ಇದು ಸ್ಟಿಕರಲ್ಲವೇ ಎಂದು ಅವನು ಕೇಳಿದ್ದು. ಅಂದದ ಕೆಲಸ ಕೈಯದೇ ಆಗಿರಬೇಕು, ಯಂತ್ರದಲ್ಲಿ ಕತ್ತರಿಸಿದ ಸ್ಟಿಕರು ಅಂಟಿಸಿದರೆ ಅಂಕವಿಲ್ಲ ಎಂಬುದು ನಿಯಮ. ಹನಮಂತಪ್ಪನಿಗೆ ಕೊಂಕಣಿ ಐವತ್ತು ವರ್ಷಗಳ ಬಳಕೆಯ ಭಾಷೆ. “ನ್ಹಯ್ ಬಾಬಾ, ಹಾತಾನ್ ಬರಯಲಾಂ” ಎಂದು, ಕೈಯಿಂದ ಬರೆದದ್ದೆಂದು ಮೆಲ್ಲಗೆ ಹೇಳಿದ. ತರುಣ ಸೌಜನ್ಯದಿಂದಲೇ ನಕ್ಕು, ಎಲ್ಲರೂ ಹಾಗೆಯೇ ಹೇಳುತ್ತಾರೆ, ಆದರೆ ಕೈಬರಹದ ಅಂಚು ಇಷ್ಟು ಚೊಕ್ಕವಾಗಿರುವುದಿಲ್ಲ ಎಂದ. ಹಾಳೆಯ ಮೇಲೆ ಏನೋ ಗುರುತು ಹಾಕಿದ.

ನನಗೆ ರೇಗಿತು. ಐವತ್ತು ವರ್ಷ ಕುಂಚ ಹಿಡಿದವನ ಮಾತಿಗೆ ಬೆಲೆಯಿಲ್ಲವೇ ಎಂದು ಕೇಳಲು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅವನು ಉಗುರಿನಿಂದ ಒಂದು ಅಕ್ಷರದ ಅಂಚನ್ನು ಎಬ್ಬಿಸಲು ನೋಡುತ್ತಿರುವುದು ಕಂಡು ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಹೇಳಿದ್ದನ್ನು ಒಪ್ಪದೆ ಪರೀಕ್ಷಿಸುತ್ತಿರುವ ಮನುಷ್ಯ! ಜೀವಮಾನವಿಡೀ ನಾನು ಎಲ್ಲರೊಡನೆ ಮಾಡಿದ್ದನ್ನೇ ಅವನು ನಮ್ಮೊಡನೆ ಮಾಡುತ್ತಿದ್ದ. ಅದನ್ನು ಎದುರಿನಿಂದ ನಿಂತು ನೋಡಿದರೆ ಹೀಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಂಚು ಏಳ‌ಲಿಲ್ಲ. ಮೇಲೆ ವಾರ್ನಿಶ್ ಹಚ್ಚಿದರೆ ಸ್ಟಿಕರೂ ಏಳುವುದಿಲ್ಲ ಎಂದ ಅವನು. ಅದೂ ನಿಜವೇ.

ಹನಮಂತಪ್ಪ ಕೈ ಚಾಚಿ ರಾಕೆಟ್ಟನ್ನು ತೆಗೆದುಕೊಂಡ. ಮುರಿದ ರೆಕ್ಕೆಯ ಜೋತಾಡುವ ತುಂಡನ್ನು ಎರಡು ಬೆರಳುಗಳಿಂದ ಹಿಂದಕ್ಕೆ ಮಡಿಸಿ, ಸೀಳಿನ ಬಾಯಿ ತೆರೆದು ತರುಣನ ಕಣ್ಣಿಗೆ ಹಿಡಿದ. ಅಲ್ಲಿ ಹಲಗೆ, ಅದರ ಮೇಲೆ ಕಾಗದ, ಬಿಳಿಯ ತಳಬಣ್ಣ, ನೀಲಿಯ ಮೇಲೆ ನೀಲಿ, ಈರುಳ್ಳಿಯನ್ನು ಕೊಯ್ದಂತೆ ಪದರ ಪದರವಾಗಿ ಕಾಣುತ್ತಿದ್ದವು. ಅಂಚಿನ ಚಿನ್ನದ ಗೆರೆ ಗುಂಡುಸೂಜಿಯ ತಲೆಯಷ್ಟು ಜಾಗದಲ್ಲಿ ಉದುರಿತ್ತು, ಮತ್ತು ಅದರ ಕೆಳಗೆ, ಗೆರೆ ಎಳೆಯುವ ಮುನ್ನ ಅವನು ಗುರುತಿಗೆ ಹಾಕಿಕೊಂಡ ಪೆನ್ಸಿಲಿನ ಬೂದು ಎಳೆ ಇತ್ತು. ಸ್ಟಿಕರು ಅಂಟಿಸುವವನಿಗೆ ಪೆನ್ಸಿಲಿನ ಗುರುತು ಬೇಕಿಲ್ಲ.

ತರುಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ ಹಾಳೆಯ ಮೇಲೆ ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದು, ಹನಮಂತಪ್ಪನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಕುಲುಕಲಿಲ್ಲ, ಸುಮ್ಮನೆ ಹಿಡಿದುಕೊಂಡ.

ಮುಂದಿನ ಭಾನುವಾರ, ಅಂದದಲ್ಲಿ ಮೊದಲು ಬಂದ ನಮ್ಮ ರಾಕೆಟ್ಟಿಗಾಗಿ ಗ್ರಂಥಾಲಯದಾಕೆ ಗಾಜಿನ ಕಪಾಟಿನ ಬೀಗ ತೆಗೆದಳು. ನಾನು ಅಂಟು ತಂದಿದ್ದೆ. ರೆಕ್ಕೆಯನ್ನು ಜೋಡಿಸಿ, ಆ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದೆ. ಹನಮಂತಪ್ಪ ಅಂಟಿನ ಟ್ಯೂಬನ್ನು ನನ್ನ ಕೈಯಿಂದ ತೆಗೆದು ಮುಚ್ಚಳ ತಿರುಗಿಸಿ ಮುಚ್ಚಿದ.

“ಬ್ಯಾಡ್ರಿ. ಮುರದದ್ದು ಮುಂದ ಇರಲಿ.”

“ಹನಮಂತಪ್ಪಾ, ಅದು ನನ್ನ ತಪ್ಪು. ವರ್ಷಪೂರ್ತಿ ಊರ ಮಂದಿ ನೋಡ್ತಾರಲ್ಲೋ.”

“ನೋಡ್ಲಿ ಬಿಡ್ರಿ ಅಣ್ಣಾರ. ನಿಮ್ಮ ತಪ್ಪು ಕಾಣಲಿಲ್ಲಂದ್ರ ನನ್ನ ಕೈ ಕಾಣಂಗಿಲ್ಲ.”

ನಾನೇ ಅದನ್ನು ಎತ್ತಿ, ಮುರಿದ ರೆಕ್ಕೆ ಬಾಗಿಲಿಗೆ ಎದುರಾಗುವಂತೆ ತಿರುಗಿಸಿ ಇಟ್ಟೆ.